ಶವರಿನಲ್ಲಿ ನೀರಿಲ್ಲ: ಟೈಲ್ಸ್ ಒಡೆಸುವ ಮೊದಲು ಏನೇನು ನೋಡಬೇಕು

ಹೊಸ ಬಚ್ಚಲುಮನೆಯಲ್ಲಿ ಮೊದಲ ಸ್ನಾನಕ್ಕೆ ನಾನೇ ನಿಂತೆ. ತಲೆ ಮೇಲೆ 8 ಇಂಚಿನ ಚೌಕದ ಶವರ್, ಗೋಡೆಯೊಳಗೆ ಡೈವರ್ಟರ್ (ಬಿಸಿನೀರು, ತಣ್ಣೀರು ಬೆರೆಸಿ ಬೇಕಾದ ಕಡೆ ತಿರುಗಿಸುವ ವಾಲ್ವ್), ಪಕ್ಕದಲ್ಲಿ ಹ್ಯಾಂಡ್ ಶವರ್. ಲಿವರ್ ಎತ್ತಿದೆ. ಶವರಿನ ಒಂದು ಮೂಲೆಯಿಂದ ಮಾತ್ರ ನೀರು ಎಳೆ ಎಳೆಯಾಗಿ ಇಳಿಯಿತು. ಉಳಿದ ತೂತುಗಳೆಲ್ಲ ಒಣಗಿಕೊಂಡೇ ಇದ್ದವು. ಹೊರಗಿನಿಂದ ಆಯಿ ಕೂಗಿದಳು, "ಮಿಂದು ಆಯ್ತಾ?"

"ಇನ್ನೂ ಮೈ ನೆನೆದಿಲ್ಲ ಆಯಿ" ಅಂದೆ.

ಆಮೇಲೆ ಮೂರು ತಿಂಗಳು ಇದರ ಹಿಂದೆಯೇ ಓಡಾಡಿದೆ. ಒಂದು ದೋಷ ಸರಿ ಮಾಡಲು ಹೋಗಿ ಇನ್ನೊಂದನ್ನು ನಾವೇ ತಂದುಕೊಂಡೆವು. ಕುಮಟಾ, ಅಂಕೋಲಾ, ಹೊನ್ನಾವರ ಕಡೆ ಹಳೆ ಹೆಂಚಿನ ಮನೆಗೆ ಹೊಸ ಬಚ್ಚಲು ಮಾಡಿಸುವವರಿಗೆ ಇದೇ ಗೋಳು ಎದುರಾಗುತ್ತದೆ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದೇನೆ. ನಾನು ಪ್ಲಂಬರ್ ಅಲ್ಲ. ಆದರೆ ಪ್ಲಂಬರ್ ಬಂದಾಗ ಏನು ಕೇಳಬೇಕು ಅನ್ನುವುದು ಈಗ ಗೊತ್ತು.

ಮೊದಲು ಬಕೆಟ್, ಆಮೇಲೆ ಸುತ್ತಿಗೆ

ಶವರಿಗೆ ನೀರು ಬರದಿದ್ದರೆ ಎಲ್ಲರೂ ಮೊದಲು ಹೇಳುವುದು "ಒಳಗೆ ಪೈಪ್ ಕಟ್ಟಿಕೊಂಡಿದೆ, ಟೈಲ್ಸ್ ಒಡೆಯಬೇಕು" ಅಂತ. ಸ್ವಲ್ಪ ತಡೆಯಿರಿ. 10 ಲೀಟರಿನ ಬಕೆಟ್ ಒಂದು, ಮೊಬೈಲಿನ ಸ್ಟಾಪ್‌ವಾಚ್ ಒಂದು, ಇಷ್ಟು ಸಾಕು.

ಮೂರು ಸಲ ಅಳೆಯಿರಿ. ಮೊದಲು ಕೆಳಗಿನ ಬಕೆಟ್ ನಳದಲ್ಲಿ. ಎರಡನೆಯದು ಶವರನ್ನು ಬಿಚ್ಚಿ, ಗೋಡೆಯಿಂದ ಬಂದ ಬರಿ ಕೋಲಿನಲ್ಲಿ. ಮೂರನೆಯದು ಶವರ್ ಮತ್ತೆ ಹಾಕಿ. ತಣ್ಣೀರಿಗೆ ಒಮ್ಮೆ, ಬಿಸಿನೀರಿಗೆ ಒಮ್ಮೆ, ಬೇರೆ ಬೇರೆಯಾಗಿ. ಟ್ಯಾಂಕಿನಲ್ಲಿ ನೀರು ಎಷ್ಟಿತ್ತು ಅಂತಲೂ ಬರೆದುಕೊಳ್ಳಿ, ಅದು ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಅರ್ಧ ಟ್ಯಾಂಕ್ ಇದ್ದಾಗ ನಳದಲ್ಲಿ ಬಕೆಟ್ ತುಂಬಲು 50 ಸೆಕೆಂಡ್ ಬೇಕಾಯಿತು. ಬರಿ ಕೋಲಿನಲ್ಲಿ 100. ಶವರ್ ಹಾಕಿದ ಮೇಲೆ 200. ಅಂದರೆ ನಿಮಿಷಕ್ಕೆ 12, 6, 3 ಲೀಟರ್.

ಇದನ್ನು ಓದುವುದು ಸುಲಭ. ನಳದಲ್ಲೇ ನೀರು ಸಣ್ಣಗಿದ್ದರೆ ತಪ್ಪು ಬಚ್ಚಲಿನದಲ್ಲ. ಟ್ಯಾಂಕಿನ ಬಾಯಿ, ಮೇಲಿನ ವಾಲ್ವ್, ಫಿಲ್ಟರ್ ನೋಡಿ. ಎಷ್ಟೋ ಸಲ ಮೇಲಿನ ಗೇಟ್ ವಾಲ್ವ್ ಅರ್ಧವೇ ತೆರೆದಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. ನಳದಲ್ಲಿ ಚೆನ್ನಾಗಿದ್ದು ಕೋಲಿನಲ್ಲಿ ಸಣ್ಣಗಾದರೆ ಎತ್ತರದ್ದೋ ಡೈವರ್ಟರಿನದ್ದೋ ತೊಂದರೆ. ಕೋಲಿನಲ್ಲಿ ಭರ್ರನೆ ಬಂದು ಶವರ್ ಹಾಕಿದ ಮೇಲೆ ಸತ್ತರೆ ತಪ್ಪು ಶವರಿನದ್ದೇ. ಆಗ ಅದರ ಬಾಯಲ್ಲಿರುವ ವಾಷರ್ ಜಾಲರಿಯನ್ನು ತೆಗೆದು ನೋಡಿ. ಹೊಸ ಕೆಲಸದಲ್ಲಿ ಅಲ್ಲಿ ಟೆಫ್ಲಾನ್ ಟೇಪಿನ ಚೂರು, ಸಿಮೆಂಟ್, ಮರಳು ಸಿಕ್ಕೇ ಸಿಗುತ್ತದೆ. ಕೆಲವು ಶವರಿನಲ್ಲಿ ನೀರು ಉಳಿಸಲೆಂದು ಸಣ್ಣ ತೂತಿನ ಪ್ಲಾಸ್ಟಿಕ್ ಬಿಲ್ಲೆ ಇಟ್ಟಿರುತ್ತಾರೆ. ಒತ್ತಡ ಜಾಸ್ತಿ ಇರುವ ಮನೆಗೆ ಅದು ಸರಿ. ನಮ್ಮಂಥ ಮನೆಗೆ ಅದೇ ಗಂಟಲುಗಾಣ.

ನನ್ನ ಲೆಕ್ಕದಲ್ಲಿ ಹಂತ ಹಂತಕ್ಕೂ ಅರ್ಧರ್ಧ ಕಳೆದಿತ್ತು. ಅಂದರೆ ಒಬ್ಬನೇ ಕಳ್ಳ ಅಲ್ಲ.

ಎತ್ತರದ ಲೆಕ್ಕ

ನೀರಿನ ಒತ್ತಡ ಬರುವುದು ಎತ್ತರದಿಂದ. ಅದನ್ನು ಅಳೆಯುವುದು ಬಾರ್ ಲೆಕ್ಕದಲ್ಲಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಅಡಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಅಡಿಗೆ 0.03 ಬಾರ್. ಟ್ಯಾಂಕ್ ಎಷ್ಟು ದೊಡ್ಡದು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. 500 ಲೀಟರಾದರೂ ಅಷ್ಟೇ, 2000 ಲೀಟರಾದರೂ ಅಷ್ಟೇ.

ನಮ್ಮ ಕರಾವಳಿಯ ಮನೆಗಳ ಕತೆ ಗೊತ್ತಲ್ಲ. ಮುಂದೆ ಹೆಂಚಿನ ಮಾಡು. ಅದರ ಮೇಲೆ ಟ್ಯಾಂಕ್ ಇಡಲಾಗುವುದಿಲ್ಲ. ಹಿಂದುಗಡೆ ಬಚ್ಚಲಿಗೆ ಮಾತ್ರ ಸಣ್ಣ ಸ್ಲ್ಯಾಬ್. ಟ್ಯಾಂಕೂ ಅಲ್ಲೇ, ನೀರು ಕಾಯಿಸುವ ಸೋಲಾರೂ ಅಲ್ಲೇ. ಸ್ಲ್ಯಾಬಿನ ಮೇಲ್ಮೈ ನೆಲದಿಂದ 10 ಅಡಿ. ಶವರ್ 7 ಅಡಿಗೆ. ಉಳಿದದ್ದು 3 ಅಡಿ, ಅಂದರೆ 0.09 ಬಾರ್. ಟ್ಯಾಂಕ್ ಕಂಠಮಟ್ಟ ತುಂಬಿದ್ದಾಗ ಇನ್ನೊಂದು ಮೂರೂವರೆ ಅಡಿ ಸೇರಿ 0.2 ಬಾರ್ ಆಗುತ್ತದೆ. ಶವರಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 1 ಬಾರ್ ಬೇಕು ಅಂತ ಬರೆದಿತ್ತು. ಅಂಗಡಿಯಲ್ಲಿ ಅದನ್ನು ಓದಿದವರು ಯಾರು? ನಾನಂತೂ ಬಣ್ಣ ನೋಡಿ ತಂದಿದ್ದೆ.

ಬೆಳಿಗ್ಗೆ ಟ್ಯಾಂಕ್ ತುಂಬಿಸಿದ ಕೂಡಲೇ ಸುಮಾರಾಗಿ ಬಂದು, ಸಂಜೆಗೆ ಸೋತು ಹೋಗುವ ಶವರ್ ಇದ್ದರೆ ರೋಗ ಇದೇ. ಬೇರೆ ಹುಡುಕಬೇಡಿ.

ಶಿರಸಿ ಘಟ್ಟದ ಮೇಲೆ ನನ್ನ ಭಾವನ ಮನೆಯಲ್ಲಿ ಇದೇ ಶವರ್ ಭೋರ್ಗರೆಯುತ್ತದೆ. ಅಲ್ಲಿ ಗುಡ್ಡದ ಅಬ್ಬಿ ನೀರು ಸುಮಾರು 60 ಅಡಿ ಮೇಲಿಂದ ಪೈಪಿನಲ್ಲಿ ನೇರ ಇಳಿಯುತ್ತದೆ. ಪುಕ್ಕಟೆಗೆ 1.8 ಬಾರ್! ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿಯುತ್ತಿದ್ದ ನೀರೇ ಅದು. ಅವರ ಗೋಳು ಬೇರೆ. ಎಲೆ, ಮರಳು ಬಂದು ಡೈವರ್ಟರ್ ಕಚ್ಚಿಕೊಳ್ಳುತ್ತದೆ. ಬೇಸಿಗೆಯ ಕೊನೆಗೆ ಅಬ್ಬಿಯೇ ಸಣ್ಣಗಾಗುತ್ತದೆ. "ನಮ್ಮನೆ ಶವರ್ ನೋಡಿ ನೀ ತಗಂಡ್ಯಲಾ ಮಾರಾಯಾ" ಅಂತ ಭಾವ ಈಗಲೂ ನಗುತ್ತಾನೆ.

ಇದಕ್ಕೆ ಮೂರು ದಾರಿ. ಟ್ಯಾಂಕನ್ನು ಎತ್ತರಿಸುವುದು ಒಂದು. 1000 ಲೀಟರ್ ನೀರೆಂದರೆ ಒಂದು ಟನ್ ಭಾರ. ಅದನ್ನು ಹಳೆ ಸ್ಲ್ಯಾಬಿನ ಮೇಲೆ ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿದರೆ ಆ ಟನ್ನೆಲ್ಲ ನಾಲ್ಕು ಕಾಲಿನ ಮೇಲೆ ಕೂರುತ್ತದೆ. ಕಾಲುಗಳು ಗೋಡೆಯ ಮೇಲೆಯೇ ಬರಬೇಕು, ಸ್ಲ್ಯಾಬಿನ ನಡುವೆ ಅಲ್ಲ. ಅದರ ಮೇಲೆ ಜೂನ್ ತಿಂಗಳ ಗಾಳಿ. ಉಪ್ಪುಗಾಳಿಗೆ ತುಕ್ಕು ಬೇರೆ. ಇಷ್ಟೆಲ್ಲ ಮಾಡಿ 4 ಅಡಿ ಏರಿಸಿದರೆ ಸಿಗುವುದು 0.12 ಬಾರ್. ನನಗೆ ಗಿಟ್ಟುವ ಲೆಕ್ಕ ಅನ್ನಿಸಲಿಲ್ಲ.

ಎರಡನೆಯದು ಪೈಪ್ ದಪ್ಪ ಮಾಡುವುದು. ಇದು ಎಲ್ಲರೂ ಹಗುರವಾಗಿ ಬಿಡುವ ವಿಷಯ. ಅರ್ಧ ಇಂಚಿನ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪಿನ ಒಳಗಿನ ತೂತು ಬರೀ 12 ಮಿಲಿಮೀಟರ್ ಚಿಲ್ಲರೆ. ಮುಕ್ಕಾಲು ಇಂಚಿನದು ಸುಮಾರು 18. ಅದೇ ಒತ್ತಡಕ್ಕೆ ಮುಕ್ಕಾಲು ಇಂಚಿನ ಪೈಪ್ ಹತ್ತಿರ ಹತ್ತಿರ ಎರಡೂವರೆ ಪಟ್ಟು ನೀರು ಕೊಡುತ್ತದೆ. ನಮ್ಮ ಪ್ಲಂಬರ್ ಟ್ಯಾಂಕಿನಿಂದ ಡೈವರ್ಟರ್‌ವರೆಗೂ ಅರ್ಧ ಇಂಚೇ ಎಳೆದಿದ್ದ. ದಾರಿಯಲ್ಲಿ ಎಣಿಸಿದರೆ 11 ಎಲ್ಬೋ, ಅಂದರೆ ಮೊಣಕೈ ಹಾಗೆ ತಿರುಗುವ ಜೋಡಣೆ. ಟ್ಯಾಂಕಿನ ಬಾಯಿಂದ ಕೆಳಗಿಳಿಯುವ ಪೈಪ್ ಕಮ್ಮಿಯೆಂದರೆ 1 ಇಂಚು ಇರಲಿ. ಡೈವರ್ಟರ್‌ಗೆ ಬರುವುದು ಮುಕ್ಕಾಲು ಇಂಚು. ಕೊನೆಯ ಗೇಣು ಮಾತ್ರ ಅರ್ಧ ಇಂಚಾದರೆ ಪರವಾಗಿಲ್ಲ. ಡೈವರ್ಟರ್ ಕೊಳ್ಳುವಾಗಲೂ ಹೈ ಫ್ಲೋ ಅಂತ ಕೇಳಿ ತನ್ನಿ. ಗೋಡೆಯೊಳಗೆ ಒಮ್ಮೆ ಹೂತ ಮೇಲೆ ಅದನ್ನು ಬದಲಿಸುವುದು ಸುಲಭದ ಮಾತಲ್ಲ.

ಬಿಸಿನೀರಿಗೆ ತಣ್ಣೀರಿನ ಬಿಳಿ ಯುಪಿವಿಸಿ ಪೈಪ್ ಹಾಕಲೇಬಾರದು, ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ. ಸಿಪಿವಿಸಿ 90 ಡಿಗ್ರಿಯವರೆಗೂ ತಡೆಯುತ್ತದೆ.

ಮೂರನೆಯ ದಾರಿ ಪ್ರೆಶರ್ ಪಂಪ್. ನಾವು ಅದನ್ನೇ ಹಿಡಿದೆವು. ಅಲ್ಲಿಂದ ಎರಡನೆಯ ಅಧ್ಯಾಯ.

ಪಂಪ್ ಹಾಕಿದ ಮೇಲೆ ಬಿಸಿನೀರು ಮಾಯ

ಪಂಪ್ ಬಂತು. ಅಂಗಡಿಯವರೇ ಕಳಿಸಿದ ಹುಡುಗ ತಣ್ಣೀರಿನ ಲೈನಿಗೆ ಜೋಡಿಸಿ ಹೋದ. ಶವರ್ ಈಗ ಮಳೆಗಾಲದ ಹಾಗೆ ಸುರಿಯಿತು. ಮನೆಯವರೆಲ್ಲ ಸಾಲಾಗಿ ಬಂದು ನೋಡಿದರು. ಮರುದಿನ ಬೆಳಿಗ್ಗೆ ಮೂರು ಹೊಸ ದೂರು. ಲಿವರನ್ನು ಪೂರ್ತಿ ಬಿಸಿಯ ಕಡೆ ತಿರುಗಿಸದಿದ್ದರೆ ತಣ್ಣೀರೇ ಬರುತ್ತದೆ. ಯಾರೂ ಸ್ನಾನ ಮಾಡದಿದ್ದರೂ ಪಂಪ್ ಗುಂಯ್ ಅನ್ನುತ್ತಿರುತ್ತದೆ. ಸ್ಲ್ಯಾಬಿನ ಮೇಲಿಂದ ನೀರು ಜಾರಿ ಹೆಂಚಿನ ಮೇಲೆ ಬೀಳುತ್ತಿದೆ.

ಮೂರೂ ಬೇರೆ ಬೇರೆ ಅಂದುಕೊಂಡು ಎರಡು ವಾರ ಹಾಳು ಮಾಡಿದೆವು. ಪಂಪಿನ ಸ್ವಿಚ್ ಕೆಟ್ಟಿದೆ ಅಂದರು, ಬದಲಿಸಿದೆವು. ಟ್ಯಾಂಕ್ ಒಡೆದಿದೆ ಅಂದರು, ಖಾಲಿ ಮಾಡಿ ನೋಡಿದೆವು.

ಆದದ್ದು ಇಷ್ಟೇ. ತಣ್ಣೀರು ಪಂಪಿನಿಂದ 1 ಬಾರ್‌ಗೂ ಮೇಲೆ ನುಗ್ಗುತ್ತಿತ್ತು. ಬಿಸಿನೀರು ಸೋಲಾರಿನಿಂದ 0.1 ಬಾರ್‌ನಲ್ಲಿ ತೆವಳುತ್ತಿತ್ತು. ಎರಡೂ ಸೇರುವುದು ಡೈವರ್ಟರಿನ ಹೊಟ್ಟೆಯಲ್ಲಿ. ಅಲ್ಲಿ ಬಲ ಇದ್ದದ್ದು ಬಲ ಇಲ್ಲದ್ದನ್ನು ಹಿಂದಕ್ಕೆ ತಳ್ಳಿತು. ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಉಲ್ಟಾ ಹತ್ತಿ ಸೋಲಾರ್ ಟ್ಯಾಂಕ್ ಸೇರಿ, ಅದರ ಗಾಳಿ ಕೊಳವೆಯಿಂದ ಹೊರಗೆ ಚೆಲ್ಲುತ್ತಿತ್ತು. ಲಿವರ್ ಪೂರ್ತಿ ಮುಚ್ಚಿದ್ದರೆ ಹೀಗಾಗುವುದಿಲ್ಲ. ಆದರೆ ನಮ್ಮ ಮಕ್ಕಳು ಹ್ಯಾಂಡ್ ಶವರಿನ ಗುಂಡಿ ಒತ್ತಿ ನೀರು ನಿಲ್ಲಿಸುತ್ತಿದ್ದರು, ಲಿವರ್ ತೆರೆದೇ ಇರುತ್ತಿತ್ತು. ಹೊರಗೆ ದಾರಿ ಇಲ್ಲ, ಮೇಲಕ್ಕೆ ಇದೆ. ನೀರು ಮೇಲಕ್ಕೆ ಹೋಯಿತು.

ನಿಮ್ಮಲ್ಲೂ ಇದೇ ಆಗುತ್ತಿದೆಯೋ ಅಂತ ತಿಳಿಯಲು: ಪಂಪ್ ಸುಮ್ನೆ ಓಡುತ್ತಿರುವಾಗ ಸ್ಲ್ಯಾಬಿನ ಮೇಲೆ ಹತ್ತಿ, ಸೋಲಾರಿನಿಂದ ಇಳಿಯುವ ಬಿಸಿನೀರಿನ ವಾಲ್ವ್ ಮುಚ್ಚಿ. ಪಂಪ್ ನಿಂತರೆ ನೀರು ಉಲ್ಟಾ ಹೋಗುತ್ತಿತ್ತು ಅಂತ ಗ್ಯಾರಂಟಿ. ನಿಲ್ಲದಿದ್ದರೆ ಬೇರೆಲ್ಲೋ ಸೋರುತ್ತಿದೆ. ಆಗ ಮೊದಲು ಕಮೋಡಿನ ಫ್ಲಶ್ ಟ್ಯಾಂಕ್ ನೋಡಿ.

ಬಿಸಿ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಹಾಕಿದರೆ ಆಯ್ತಲ್ಲ ಅಂದರು ಒಬ್ಬರು. ಉಲ್ಟಾ ಹೋಗುವುದು ನಿಲ್ಲುತ್ತದೆ, ನಿಜ. ಆದರೆ ಬಿಸಿನೀರು ಬರುವುದೇ ಇಲ್ಲ. ತಣ್ಣೀರಿನ ಬಲಕ್ಕೆ ಆ ವಾಲ್ವ್ ಮುಚ್ಚಿಕೊಂಡೇ ಕೂರುತ್ತದೆ. ಎರಡೂ ಕಡೆ ಬಲ ಸಮ ಇರಬೇಕು. ಬೇರೆ ಮದ್ದಿಲ್ಲ.

ಹಾಗಂತ ಪಂಪನ್ನು ಸೋಲಾರಿಗೆ ನೀರು ಹೋಗುವ ಬಾಯಿಗೆ ಜೋಡಿಸಬೇಡಿ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿರುವುದು ಒತ್ತಡ ತಡೆಯದ ಸೋಲಾರ್. ತೆಳು ತಗಡಿನ ಟ್ಯಾಂಕ್, ಗಾಜಿನ ಕೊಳವೆ, ರಬ್ಬರ್ ಉಂಗುರ. ಒಂದೋ ಉಂಗುರದಲ್ಲಿ ಸೋರುತ್ತದೆ, ಇಲ್ಲ ಟ್ಯಾಂಕ್ ಉಬ್ಬುತ್ತದೆ. ಕರೆಂಟಿನ ಗೀಸರ್ ಹಾಗಲ್ಲ. ಎಷ್ಟು ಒತ್ತಡ ತಡೆಯುತ್ತದೆ ಅಂತ ಅದರ ಮೈಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 8 ಬಾರ್. ಸೇಫ್ಟಿ ವಾಲ್ವೂ ಇರುತ್ತದೆ, ಅದನ್ನು ಬಿಗಿದು ಮುಚ್ಚಬೇಡಿ.

ಕೊನೆಗೆ ನಾವು ಮಾಡಿದ್ದು ಹೀಗೆ. ಟ್ಯಾಂಕಿನಿಂದ ಬರುವ ನೀರು ಪಂಪಿಗೆ. ಪಂಪಿನ ಆಚೆ 'T' ಆಕಾರದ ಒಂದು ಜೋಡಣೆ. ಅದರ ಒಂದು ಕೈ ನೇರ ಡೈವರ್ಟರಿಗೆ, ಇನ್ನೊಂದು 25 ಲೀಟರಿನ ಗೀಸರ್ ಮೂಲಕ ಅದೇ ಡೈವರ್ಟರಿಗೆ. ಎರಡಕ್ಕೂ ಒಂದೇ ಪಂಪಿನ ಬಲ, ಜಗಳ ಇಲ್ಲ. ಸೋಲಾರನ್ನು ಶವರಿನಿಂದ ಪೂರ್ತಿ ಬಿಡಿಸಿ ಕೆಳಗಿನ ಬಕೆಟ್ ನಳಕ್ಕೆ ಮಾತ್ರ ಕೊಟ್ಟೆವು. ಹೇಗೂ ಜೂನ್‌ನಿಂದ ಆಗಸ್ಟ್‌ವರೆಗೆ ಸೋಲಾರ್ ಇದ್ದೂ ಇಲ್ಲದ ಹಾಗೆ. ಆಗ ಗೀಸರೋ ಹಂಡೆಯೋ ಬೇಕೇ ಬೇಕು. ಹಂಡೆ ಒಲೆ ತೆಗೆಯಲು ಆಯಿ ಬಿಡಲಿಲ್ಲ. ಕರಟ, ಸಿಪ್ಪೆ, ಮಡಲು ಎಲ್ಲ ಎಲ್ಲಿಗೆ ಹಾಕುವುದು ಅಂತ ಅವಳ ಪ್ರಶ್ನೆ. ನ್ಯಾಯವೇ.

ಪಂಪಿನ ಪಕ್ಕದಲ್ಲೊಂದು ಅಡ್ಡದಾರಿಯ ಪೈಪ್ ಹಾಕಿ, ಅದಕ್ಕೊಂದು ನಾನ್ ರಿಟರ್ನ್ ವಾಲ್ವ್ ಕೂರಿಸಿ. ಕರೆಂಟ್ ಹೋದಾಗ ನೀರು ಪಂಪಿನೊಳಗೆ ಹೋಗದೆ ಆ ಅಡ್ಡದಾರಿಯಲ್ಲಿ ತನ್ನಷ್ಟಕ್ಕೆ ಇಳಿಯುತ್ತದೆ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋಗುವ ಊರಿನಲ್ಲಿ ಇದಿಲ್ಲದಿದ್ದರೆ ತಲೆಗೆ ಸೋಪು ಹಚ್ಚಿಕೊಂಡು ನಿಲ್ಲಬೇಕು. ಪಂಪಿಗೂ ಗೀಸರಿಗೂ ಅರ್ಥಿಂಗ್ ಸರಿ ಇರಲಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಬಚ್ಚಲಿಗೆ ಕರೆಂಟ್ ತರುವುದು ಬೇಡ.

ಬಿಸಿನೀರು ಉಗುಳಿ ಉಗುಳಿ ಬಂದು ನಿಲ್ಲುತ್ತಿದ್ದರೆ ಅದು ಬೇರೆ ರೋಗ. ಪೈಪ್ ಎಲ್ಲೋ ಮೇಲಕ್ಕೆ ಗೂನು ಬೆನ್ನಿನ ಹಾಗೆ ಎದ್ದು ಮತ್ತೆ ಇಳಿದಿದೆ, ಅಲ್ಲಿ ಗಾಳಿ ಕೂತಿದೆ. ಗೂನು ತೆಗೆಯಬೇಕು. ಆಗದಿದ್ದರೆ ಅದರ ತುದಿಯಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದ ಗಾಳಿ ಕೊಳವೆ ಹಾಕಬೇಕು.

ಗೋಡೆ ಒದ್ದೆ: ಮಳೆಯೋ ಪೈಪೋ?

ನಮ್ಮ ಚಿರೆಕಲ್ಲಿನ ಗೋಡೆಗೆ ಆಷಾಢದಲ್ಲಿ ಒದ್ದೆಯಾಗುವುದೇ ಕಸುಬು. ಹಾಗಾಗಿ ಪೈಪ್ ಸೋರುವುದನ್ನು ಕಂಡುಹಿಡಿಯುವುದು ಇಲ್ಲಿ ಸ್ವಲ್ಪ ತ್ರಾಸು. ಪೆನ್ಸಿಲ್ಲಿನಲ್ಲಿ ಒದ್ದೆಯ ಅಂಚಿಗೆ ಗೆರೆ ಎಳೆದು ತಾರೀಕು ಬರೆಯಿರಿ. ಮೂರು ದಿನ ಬಚ್ಚಲಿನ ವಾಲ್ವ್ ಮುಚ್ಚಿ, ಕೊಡದಲ್ಲಿ ನೀರು ತಂದು ಬೇರೆ ಕಡೆ ಮೀಯಿರಿ. ಮಳೆ ಇದ್ದೂ ಕಲೆ ಹಿಂದೆ ಸರಿದರೆ ಪೈಪೇ ಸೋರುತ್ತಿದೆ. ಮಳೆ ಹೊಡೆಯುವ ಪಡುವಣ ಗೋಡೆಯಲ್ಲಿ ಮಾತ್ರ ಕಲೆ ಇದ್ದು, ವಾಲ್ವ್ ಮುಚ್ಚಿದರೂ ಬೆಳೆದರೆ ಹೊರಗಿನ ನೀರು.

ಪೈಪೂ ಅಲ್ಲ, ಮಳೆಯೂ ಅಲ್ಲ, ನೆಲದಿಂದ ಇಳಿಯುತ್ತಿದೆ ಅನ್ನಿಸಿದರೆ ನೆಲದಲ್ಲಿ ನೀರು ಹೋಗುವ ಜಾಲಿಯನ್ನು ಬಟ್ಟೆ ತುರುಕಿ ಮುಚ್ಚಿ. ಅರ್ಧ ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ 24 ಗಂಟೆ ಬಿಡಿ. ಆಚೆ ಬದಿಯಲ್ಲಿ ನೀಲಿ ಕಂಡರೆ ವಾಟರ್‌ಪ್ರೂಫಿಂಗ್ ಸತ್ತಿದೆ.

ಇದೆಲ್ಲ ಆಗಬಾರದು ಅಂದರೆ ಪ್ಲಾಸ್ಟರ್ ಮಾಡುವ ಮೊದಲೇ ಪೈಪಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಬೇಕು. ಕೆಲಸದ ಒತ್ತಡದ ಒಂದೂವರೆ ಪಟ್ಟು ಅನ್ನುವುದು ವಾಡಿಕೆ. ನಾವು 6 ಬಾರ್ ಕೊಟ್ಟು ರಾತ್ರಿಯಿಡೀ ಬಿಟ್ಟೆವು. ಅಂಟು ಹಾಕಿದ ಮೇಲೆ ಒಂದು ದಿನ ಒಣಗಲು ಬಿಟ್ಟೇ ಪರೀಕ್ಷೆ ಮಾಡಿ, ಮಳೆಗಾಲದಲ್ಲಿ ಇನ್ನೂ ಒಂದು ದಿನ. ಸೋಲಾರ್, ಗೀಸರ್ ಎರಡನ್ನೂ ಬಿಡಿಸಿಡಿ. ನಮ್ಮಲ್ಲಿ ಬೆಳಿಗ್ಗೆ ಮೀಟರಿನ ಮುಳ್ಳು ಇಳಿದಿತ್ತು. ಹಿತ್ತಾಳೆ ತಿರುಪು ಇರುವ ಎಲ್ಬೋ ಒಂದು ಸೀಳಿತ್ತು. ಟೆಫ್ಲಾನ್ ಜಾಸ್ತಿ ಸುತ್ತಿ, ಪಾನಾ ಹಿಡಿದು ಮೈಮೇಲೆ ಬಿದ್ದು ತಿರುಗಿಸಿದರೆ ಸೀಳದೆ ಏನು ಮಾಡುತ್ತದೆ?

ಆಮೇಲೆ ಗೋಡೆಗೆ ಟೇಪ್ ಹಿಡಿದು ಪ್ರತಿ ಪೈಪಿನ ಫೋಟೋ ತೆಗೆದಿಡಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವವನು ನಿಮಗೆ ಕೈ ಮುಗಿಯುತ್ತಾನೆ.

ಡೈವರ್ಟರಿನ ಮುಚ್ಚಳ ಕೂರುತ್ತಿಲ್ಲ

ಇದು ಗಾರೆಯವನ ಮತ್ತು ಪ್ಲಂಬರಿನ ನಡುವಿನ ಜಗಳ. ಡೈವರ್ಟರಿನ ಪ್ಲಾಸ್ಟಿಕ್ ಟೋಪಿಯ ಮೇಲೆ ಎರಡು ಗೆರೆ ಇರುತ್ತದೆ, ಕಮ್ಮಿ ಮತ್ತು ಜಾಸ್ತಿ ಅಂತ. ಟೈಲ್ಸಿನ ಮುಖ ಆ ಎರಡರ ನಡುವೆ ಬರಬೇಕು. ಪ್ಲಾಸ್ಟರ್, ಅಂಟು, ಟೈಲ್ಸ್ ಸೇರಿ ಒಂದಿಂಚಿನ ಹತ್ತಿರ ಆಗುತ್ತದೆ. ಬರಿ ಕಲ್ಲಿಗೆ ಲೆಕ್ಕ ಹಾಕಿ ಕೂರಿಸಿದರೆ ಒಳಗೇ ಹೂತು ಹೋಗುತ್ತದೆ. ಹೂತಿದ್ದರೆ ಉದ್ದ ಮಾಡುವ ಬಿಡಿಭಾಗ ಸಿಗುತ್ತದೆ, ಒಡೆಯಬೇಕಾಗಿಲ್ಲ. ಹೊರಗೆ ಚಾಚಿಕೊಂಡಿದ್ದರೆ ದಾರಿ ಇಲ್ಲ, ಒಡೆಯಲೇಬೇಕು. ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.

ಕೆಳಗೆ ನೀರು ನಿಲ್ಲುವುದು, ವಾಸನೆ

ಮೇಲೆ ನಿಮಿಷಕ್ಕೆ 12 ಲೀಟರ್ ಬಂದರೆ ಕೆಳಗೂ ಅಷ್ಟೇ ಹೋಗಬೇಕು, ಅಲ್ವಾ? ಚೊಂಬಿನ ಸ್ನಾನಕ್ಕೆ ಮಾಡಿದ ಹಳೆ ಕೊಳವೆ ಇದಕ್ಕೆ ಸಾಲದು. 3 ಇಂಚಿನ ಪೈಪ್ ಬೇಕು. ನೆಲಕ್ಕೆ 6 ಅಡಿಗೆ 1 ಇಂಚು ಇಳಿಜಾರು ಬೇಕು. ಟೈಲ್ಸ್ ಹಾಕಿದ ದಿನವೇ ಒಂದು ಚೊಂಬು ನೀರು ಚೆಲ್ಲಿ ಅದು ಎಲ್ಲಿ ನಿಲ್ಲುತ್ತದೆ ನೋಡಿ. ಗಾರೆಯವರಿಗೆ ಬಾಕಿ ಕೊಡುವ ಮೊದಲು.

ಬಚ್ಚಲಿನ ನೀರು ಹೊರಹೋಗುವ ಬಾಯಿಗೆ ಕೂರಿಸುವ ಬಾಗಿದ ಕೊಳವೆಗೆ ಪ್ಲಂಬರುಗಳು ದೇಶದ ತುಂಬ 'ನಹಾನಿ ಟ್ರ್ಯಾಪ್' ಅನ್ನುತ್ತಾರಲ್ಲ, ಕಾರವಾರದ ಕೊಂಕಣಿಯವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಅವರ ಮನೆಯಲ್ಲಿ ಬಚ್ಚಲಿಗೇ ನ್ಹಾಣಿ ಅನ್ನುವುದು. ಆ ಟ್ರ್ಯಾಪಿನಲ್ಲಿ 2 ಇಂಚು ನೀರು ಸದಾ ನಿಂತಿದ್ದರೆ ಮೋರಿಯ ವಾಸನೆ ಮೇಲೆ ಬರುವುದಿಲ್ಲ. ಚೌತಿಗೆ ಮಾತ್ರ ಮುಂಬೈಯಿಂದ ಬಂದು ಬಾಗಿಲು ತೆರೆಯುವ ಮನೆಗಳಲ್ಲಿ ಆ ನೀರು ಆರಿರುತ್ತದೆ. ಒಂದು ಬಕೆಟ್ ನೀರು ಹೊಯ್ದರೆ ವಾಸನೆ ಹೋಗುತ್ತದೆ, ಪ್ಲಂಬರನ್ನು ಕರೆಯಬೇಡಿ.

ಮತ್ತೆ ನಿಧಾನಕ್ಕೆ ಸಣ್ಣಗಾದರೆ

ಎಲ್ಲ ಸರಿಯಾಗಿ ಆರು ತಿಂಗಳಿಗೆ ಶವರ್ ಮತ್ತೆ ಸೊರಗಿತು. ಬಕೆಟ್ ತಂದು ಮತ್ತೆ ಮೂರು ಸಲ ಅಳೆದೆ. ಈ ಸಲ ಕೋಲಿನಲ್ಲಿ ಚೆನ್ನಾಗಿತ್ತು, ಶವರ್ ಹಾಕಿದರೆ ಇಲ್ಲ. ಬಿಚ್ಚಿದರೆ ಒಳಗೆಲ್ಲ ಕೆಂಪು ಕೆಸರು. ಚಿರೆಕಲ್ಲಿನ ಬಾವಿಯ ನೀರು, ಕಬ್ಬಿಣದ ಅಂಶ. ರಬ್ಬರಿನ ತೂತುಗಳನ್ನು ಹೆಬ್ಬೆರಳಿನಿಂದ ಉಜ್ಜಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಬಿಸಿನೀರಿನಲ್ಲಿ ನಿಂಬೆ ಹುಳಿ ಹಿಂಡಿ ಕಾಲು ಗಂಟೆ ನೆನೆಸಿ. ಜಾಸ್ತಿ ಹೊತ್ತು ಬಿಟ್ಟರೆ ಹೊಳಪು ಹೋಗುತ್ತದೆ. ಪಂಪಿನ ಮೊದಲು ಒಂದು ವೈ ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಹಾಕಿಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆಯಿರಿ.

ಅಘನಾಶಿನಿ, ಗಂಗಾವಳಿ, ಕಾಳಿ, ಶರಾವತಿ ಹೊಳೆಯ ಅಳಿವೆಯ ಹತ್ತಿರದವರು ಇನ್ನೊಂದು ನೋಡಬೇಕು. ಏಪ್ರಿಲ್, ಮೇ ಹೊತ್ತಿಗೆ ಬಾವಿಗೆ ಉಪ್ಪು ಏರುತ್ತದೆ. ಅಗ್ಗದ ಹಿತ್ತಾಳೆ, ತೆಳು ಕ್ರೋಮ್, 304 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಇವುಗಳ ಮೇಲೆ ಚುಕ್ಕೆ ಬೀಳುತ್ತದೆ. 316 ಸ್ಟೀಲ್ ಸ್ವಲ್ಪ ದುಬಾರಿ, ಆದರೆ ತಡೆಯುತ್ತದೆ. ಬೇಡವಾದರೆ ಶವರಿನ ಕೋಲಿಗೆ ಒಳ್ಳೆ ಪ್ಲಾಸ್ಟಿಕ್ಕೇ ಇರಲಿ, ನಾಚಿಕೆ ಏನಿಲ್ಲ.

ತೊಳೆದ ಮೇಲೆ ನಮ್ಮ ಬಕೆಟ್ ಶವರಿನ ಕೆಳಗೆ 52 ಸೆಕೆಂಡಿಗೆ ತುಂಬಿತು. ಈಗ ಆ ಅಂಕಿಯನ್ನು ಪಂಪಿನ ಡಬ್ಬಿಯ ಒಳಬದಿಗೆ ಬರೆದಿದ್ದೇನೆ, ತಾರೀಕಿನ ಜೊತೆ. ಆಯಿ ಹಂಡೆಯ ಬಿಸಿನೀರನ್ನು ಅದೇ ಬಕೆಟಿಗೆ ತೋಡಿಕೊಂಡು ಮೀಯುತ್ತಾಳೆ.